ತಗಡಿನ ಟಾಪು ಹಾಕಿಸಿದ ಜೀಪಿನವನು

"ಬುದ್ಧಿ, ಜನರ ಗೋಳು ಕೇಳುತ್ತಾ ಕೂರುವವನು ಮನಸ್ಸನ್ನು ಮೆತ್ತಗೆ ಇಟ್ಟುಕೊಳ್ಳಬೇಕೇ, ಗಟ್ಟಿ ಮಾಡಿಕೊಳ್ಳಬೇಕೇ?"

ಗುರುಮಲ್ಲ ಹೀಗೆ ಕೇಳಿದಾಗ ಹಿರಿಯ ಸ್ವಾಮಿಗಳು ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದರು. ಬೆಳಗಿನಿಂದ ಮಠದ ಪಡಸಾಲೆಯಲ್ಲಿ ಜನವೋ ಜನ. ಒಬ್ಬಳ ಮಗಳನ್ನು ಗಂಡ ಬಿಟ್ಟಿದ್ದ. ಒಬ್ಬನ ತಮ್ಮ ಮಾತು ಬಿಟ್ಟಿದ್ದ. ಇನ್ನೊಬ್ಬನ ಹೊಟ್ಟೆನೋವು ಯಾವ ಔಷಧಿಗೂ ಬಗ್ಗಿರಲಿಲ್ಲ. ಸ್ವಾಮಿಗಳಿಗೆ ಕೈಲಾಗದೆ ಹೋದ ಮೇಲೆ ಇವರೆಲ್ಲರ ಮಾತು ಕೇಳುವ ಕೆಲಸ ಗುರುಮಲ್ಲನದಾಗಿತ್ತು. ಮೂರು ವರ್ಷದಿಂದ ಅವನೇ ಕೇಳುತ್ತಿದ್ದ.

"ಮೂರು ವರ್ಷಕ್ಕೇ ಸಾಕಾಯಿತೇನೋ ಮರಿ?"

"ಸಾಕಾಗಿದೆ ಬುದ್ಧಿ. ಅವರು ಹೇಳಿಕೊಂಡು ಹಗುರಾಗಿ ಹೋಗುತ್ತಾರೆ. ನನಗೆ ಊಟ ಸೇರುವುದಿಲ್ಲ. ಅದಕ್ಕೇ ಈಚೆಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅವರು ಹೇಳುವಷ್ಟು ಹೊತ್ತೂ ಹೂಂ ಹೂಂ ಅನ್ನುತ್ತಿರುತ್ತೇನೆ, ಮನಸ್ಸಿನೊಳಗೆ ಮಂತ್ರ ಹೇಳಿಕೊಳ್ಳುತ್ತಿರುತ್ತೇನೆ. ಅವರಿಗೂ ಸಮಾಧಾನ, ನನಗೂ ನೆಮ್ಮದಿ. ಹೀಗೇ ಮುಂದುವರಿಸಲೇ?"

"ಭಲೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು." ಸ್ವಾಮಿಗಳು ಮೊಣಕಾಲು ನೀವಿಕೊಂಡರು. "ನನಗೂ ದಣಿವಾಗಿದೆಯಪ್ಪ. ಉಪದೇಶ ಮಾಡುವಷ್ಟು ತ್ರಾಣವಿಲ್ಲ. ಒಬ್ಬ ಜೀಪಿನವನ ಕತೆ ಹೇಳುತ್ತೇನೆ, ಕೂತುಕೋ. ನಡುನಡುವೆ ಹೂಂಗುಟ್ಟಬೇಡ."

ಗುರುಮಲ್ಲ ತಲೆ ತಗ್ಗಿಸಿ ಕುಳಿತ. ಸ್ವಾಮಿಗಳು ಹೇಳತೊಡಗಿದರು.

ಒಂದು ಬೆಟ್ಟ. ತುದಿಯಲ್ಲಿ ಒಂದು ಊರು, ಬುಡದಲ್ಲಿ ಒಂದು ಪೇಟೆ. ನಡುವೆ ಕಾಡು. ಕಾಡಿನೊಳಗೆ ಅಲ್ಲಲ್ಲಿ ಹಾಡಿಗಳು, ಒಂದರಲ್ಲಿ ಹತ್ತು ಗುಡಿಸಲು, ಇನ್ನೊಂದರಲ್ಲಿ ಹದಿನೈದು. ರಸ್ತೆ ಅನ್ನುವುದು ಹೆಸರಿಗಷ್ಟೇ ಇತ್ತು. ಕಲ್ಲು, ಕೊರಕಲು, ಕೆಸರು. ಬಸ್ಸು ಆ ಕಡೆ ತಲೆ ಹಾಕುತ್ತಿರಲಿಲ್ಲ. ನಾಲ್ಕು ಚಕ್ರಕ್ಕೂ ಬಲ ಸಿಗುವ ಜೀಪು ಮಾತ್ರ ಹತ್ತಬೇಕು. ಅಂಥ ಜೀಪು ಒಬ್ಬನ ಹತ್ತಿರ ಇತ್ತು. ಅವನು ಬೆಳಿಗ್ಗೆ ಜನರನ್ನು ಇಳಿಸಿಕೊಂಡು ಹೋಗುತ್ತಿದ್ದ, ಸಂಜೆ ಹತ್ತಿಸಿಕೊಂಡು ಬರುತ್ತಿದ್ದ.

ಹಾಡಿಗಳೆಲ್ಲ ರಸ್ತೆಯಿಂದ ಕೆಳಗೆ, ಹಳ್ಳದ ಬದಿಗೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ, ರಸ್ತೆಯಿಂದ ಹಾಡಿ ಕಾಣುವುದಿಲ್ಲ. ಫೋನು ಇದ್ದವರಿಗೂ ಸಿಗ್ನಲ್ ಇಲ್ಲ. ಅದಕ್ಕೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಜೀಪಿನ ಸದ್ದು ಕೇಳಿದ ಕೂಡಲೇ ಕೆಳಗಿನಿಂದ 'ಕೂ' ಎಂದು ಕೂಗುವುದು. ಒಂದು ಕೂಗಾದರೆ ಆಳು ಬರುತ್ತಿದ್ದಾನೆ. ಎರಡಾದರೆ ಜೊತೆಗೆ ಮೂಟೆ ಇದೆ. ಬಿಡದೆ ಕೂಗಿದರೆ ಕಾಯಿಲೆಯವರಿದ್ದಾರೆ. ಜೀಪಿನವನು ಒಂದು ಉದ್ದ ಹಾರನ್ ಹೊಡೆದು ನಿಲ್ಲಿಸಬೇಕು. ಹಾರನ್ ಅಂದರೆ 'ಕೇಳಿಸಿತು, ಕಾಯುತ್ತೇನೆ, ಬನ್ನಿ' ಅಂತ. ಅಲ್ಲಿ ಹಾರನ್ನಿಗೆ ಬೇರೆ ಅರ್ಥವೇ ಇರಲಿಲ್ಲ.

ಜೀಪಿಗೆ ಬಟ್ಟೆಯ ಟಾಪು. ಪೇಟೆಯವರು ಅದಕ್ಕೆ ಸಾಫ್ಟ್ ಟಾಪು ಅನ್ನುತ್ತಾರೆ. ಸಾಫ್ಟು ಅಂದರೆ ಏನೋ ಸುಖವಾಗಿರುತ್ತದೆ ಅಂದುಕೊಳ್ಳಬೇಡ. ಮಳೆ ಬಂದರೆ ಹೊಲಿಗೆಯ ಸಂದಿನಿಂದ ಕತ್ತಿನೊಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಧೂಳು ತಿನ್ನಬೇಕು. ಮಾಗಿಯ ಚಳಿಯಲ್ಲಿ ಬೆರಳು ಸ್ಟೇರಿಂಗಿಗೆ ಅಂಟಿಕೊಳ್ಳುತ್ತದೆ. ಆದರೆ ಬಟ್ಟೆಯಲ್ಲವೇ, ಕೂಗು ಮಾತ್ರ ಎಲ್ಲಿಂದ ಎದ್ದರೂ ಕಿವಿಗೆ ಬೀಳುತ್ತಿತ್ತು.

ಬಿದ್ದ ಮೇಲೆ ನಿಲ್ಲಿಸದೆ ಇರಲಾಗುತ್ತದೆಯೇ? ಕೂಗಿದವನು ಹಳ್ಳ ದಾಟಿ ಹತ್ತಿ ಬರುವಷ್ಟರಲ್ಲಿ ಅರ್ಧ ಗಂಟೆ. ಒಳಗೆ ಕೂತವರು ಗೊಣಗುತ್ತಾರೆ: "ಹೊತ್ತಾಯ್ತು, ನಡೀರಿ ಸ್ವಾಮಿ. ಆಸ್ಪತ್ರೆ ಬಾಗಿಲು ಹಾಕಿಬಿಡ್ತಾರೆ." ಹತ್ತಿ ಬಂದವನು ಸುಮ್ಮನೆ ಕೂರುತ್ತಾನೆಯೇ? ಮಾತ್ರೆ ತಂದುಕೊಡಿ, ಕಾಗದ ಓದಿಹೇಳಿ, ಸಾಹೇಬರಿಗೆ ಒಂದು ಮಾತು ಹೇಳಿ. ಹದಿನಾಲ್ಕು ವರ್ಷ ಇದೇ ಆಯಿತು. ಅವನಿಗೆ ಕೆಮ್ಮು ಹಿಡಿಯಿತು. ಮನೆಗೆ ಹೋದರೆ ಹೆಂಡತಿಯ ಮಾತಿಗೆ ಉತ್ತರ ಕೊಡುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಅವನ ಆಯಾಸ ಸುಳ್ಳಲ್ಲ ಮರಿ. ನಿನ್ನದೂ ಸುಳ್ಳಲ್ಲ.

ಕೆಳಗಿನ ಹಾಡಿಯಲ್ಲಿ ಕೇತಮ್ಮ ಅಂತ ಒಬ್ಬಳಿದ್ದಳು. ಮೊದಲ ಎರಡು ಹೆರಿಗೆಯಲ್ಲೂ ಕೂಸು ದಕ್ಕಿರಲಿಲ್ಲ. ಈಗ ಮೂರನೆಯದು, ದಿನ ತುಂಬುತ್ತಾ ಬಂದಿತ್ತು. ಈ ಸಲ ಬೇನೆ ಬಂದ ತಕ್ಷಣ ಪೇಟೆಯ ಆಸ್ಪತ್ರೆಗೆ ತಲುಪಿಸಲೇಬೇಕು ಎಂದು ನರ್ಸಮ್ಮ ಹೇಳಿದ್ದಳು. ಹಾಡಿಯಿಂದ ಪೇಟೆಗೆ ನೇರ ಇಳಿಯುವ ಕಾಲುದಾರಿಯೂ ಇತ್ತು, ಹೊತ್ತುಕೊಂಡು ನಡೆದರೆ ಎರಡು ಗಂಟೆ. ಜೀಪಿನವನೇ ಕೇತಮ್ಮನ ಗಂಡನಿಗೆ ಹೇಳಿದ: "ಕಾಲುದಾರಿಯಲ್ಲಿ ಆ ಹೆಣ್ಣುಮಗಳನ್ನು ಕುಲುಕಿಸಬೇಡವೋ. ಒಂದು ಕೂಗು ಹಾಕು, ನಾನಿದ್ದೇನೆ." ಅವನು ಮನಸ್ಸಿನಿಂದಲೇ ಹೇಳಿದ. ಕೆಟ್ಟವನಲ್ಲ.

ಅದಾದ ವಾರದಲ್ಲಿ ಬಿರುಗಾಳಿ ಬಂತು. ಹಳೆಯ ಬಟ್ಟೆ ಎರಡು ಸೀಳಾಯಿತು. ಜೀಪಿನವನು ಪೇಟೆಯ ಟಾಪು ಕಟ್ಟುವವನ ಹತ್ತಿರ ಹೋದ.

ಟಾಪು ಕಟ್ಟುವವನು ಜೀಪಿನ ಸುತ್ತ ಒಂದು ಸುತ್ತು ಬಂದ. "ಇನ್ನೂ ಬಟ್ಟೆಯಲ್ಲೇ ಇದ್ದೀರಲ್ಲ ಯಜಮಾನರೇ! ಹಾರ್ಡ್ ಟಾಪು ಹಾಕಿಸಿಬಿಡಿ. ಗಟ್ಟಿ ತಗಡು, ಒಳಗೆ ಮೆತ್ತೆ, ಕಿಟಕಿಗೆ ಗಾಜು. ಬಾಗಿಲು ಹಾಕಿಕೊಂಡರೆ ಮನೆಯಲ್ಲಿ ಕೂತ ಹಾಗೆ. ಮಳೆ ಬಂದದ್ದೂ ಗೊತ್ತಾಗೋದಿಲ್ಲ, ಯಾರು ಬೈದದ್ದೂ ಗೊತ್ತಾಗೋದಿಲ್ಲ."

ಜೀಪಿನವನು ಬಹಳ ಹೊತ್ತು ಯೋಚಿಸಿದ. ಬಟ್ಟೆ ಅಗ್ಗ, ಬೇಕಾದಾಗ ಮಡಚಿ ಇಡಬಹುದು. ತಗಡು ಭಾರ, ಕಡಿದಾದಲ್ಲಿ ಜೀಪು ಏದುಸಿರು ಬಿಡುತ್ತದೆ. ಇದೆಲ್ಲ ಲೆಕ್ಕ ಹಾಕಿದ. ಹೆಂಡತಿ ಕೆಮ್ಮಿನ ಮಾತು ಎತ್ತಿದಳು. ತಗಡನ್ನೇ ಹಾಕಿಸಿದ. ಕೂಗಿನ ವಿಚಾರ ಮಾತ್ರ ಅವನಿಗೆ ಹೊಳೆಯಲಿಲ್ಲ. ದಿನಾ ಕೇಳುವುದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಅಯ್ಯೋ, ಮೊದಲ ಹದಿನೈದು ದಿನದ ಸುಖವೇ ಸುಖ! ಅಂಗಿ ಒಣಗಿಯೇ ಇರುತ್ತಿತ್ತು. ಕೆಮ್ಮು ಇಳಿಯಿತು. ಒಳಗಿನವರು ಹೊತ್ತಿಗೆ ಸರಿಯಾಗಿ ಪೇಟೆ ಸೇರಿ ಅವನನ್ನು ಹೊಗಳಿದರು. ಕೂಗು ಕಡಿಮೆಯಾದದ್ದು ಅವನಿಗೂ ಗೊತ್ತಾಯಿತು. ಜನ ನಡೆದು ಹೋಗುವುದನ್ನು ಕಲಿತರು, ಒಳ್ಳೆಯದೇ ಆಯಿತು ಅಂದುಕೊಂಡ. ಆದರೆ ಒಂದು ತೊಂದರೆ ಹೊಸದಾಗಿ ಬಂತು. ಮೊದಲೆಲ್ಲ ಎದುರಿನಿಂದ ಬೈಕು ಬಂದರೆ ತಿರುವಿನ ಆಚೆಯಿಂದಲೇ ಕೇಳಿಸುತ್ತಿತ್ತು. ಈಗ ಮುಖಾಮುಖಿ ಆಗುವವರೆಗೆ ತಿಳಿಯುತ್ತಿರಲಿಲ್ಲ. ಒಂದೆರಡು ಸಲ ಎದೆ ಧಸಕ್ಕೆಂದ ಮೇಲೆ ಅವನು ಪ್ರತಿ ತಿರುವಿನಲ್ಲೂ ಉದ್ದಕ್ಕೆ ಹಾರನ್ ಹೊಡೆಯತೊಡಗಿದ.

ಮೇಲಿನ ಹಾಡಿಗಳವರು ಕೂಗಿದರು, ಹಾರನ್ ಕೇಳಿ ಹತ್ತಿ ಬಂದರು, ಜೀಪು ಇರಲಿಲ್ಲ. ತುಂಬಿರಬೇಕು, ಪಾಪ, ಎಂದು ಹಿಂದಿರುಗಿದರು. ಅವರು ಜಗಳ ಕಾಯುವ ಜನವಲ್ಲ. ಕೇತಮ್ಮನ ಹಾಡಿಯಿಂದ ಆ ಹದಿನೈದು ದಿನ ಯಾರೂ ಕೂಗಿರಲಿಲ್ಲ. ಹೀಗಾಗಿ ಅಲ್ಲಿಯವರಿಗೆ ಏನೂ ತಿಳಿಯದು.

ಹದಿನಾರನೆಯ ದಿನ ಬೆಳಿಗ್ಗೆ ಕೇತಮ್ಮನಿಗೆ ಬೇನೆ ಶುರುವಾಯಿತು. ಗಂಡ, ಮೈದುನ ಕಂಬಳಿಗೆ ಬಿದಿರು ಕಟ್ಟಿ ಜೋಲಿ ಮಾಡಿದರು. ಕಾಲುದಾರಿ ಹಿಡಿಯುವುದೋ, ರಸ್ತೆಗೆ ಹತ್ತುವುದೋ ಎನ್ನುವಾಗ ಮೇಲಿನಿಂದ ಜೀಪಿನ ಸದ್ದು ಬಂತು. ಗಂಡ ಬಿಡದೆ ಕೂಗಿದ. ಒಂದು ಉದ್ದ ಹಾರನ್ ಕೇಳಿಸಿತು.

"ಕೇಳಿಸ್ತು ಅಣ್ಣನಿಗೆ! ಎತ್ರೋ, ಮೇಲಕ್ಕೆ" ಅಂದ.

ಹತ್ತಿದರು. ರಸ್ತೆಯಲ್ಲಿ ಜೀಪಿಲ್ಲ. ಹಾರನ್ ಹೊಡೆದಿದ್ದಾನಲ್ಲ, ಹೋಗುತ್ತಾನೆಯೇ? ಮುಂದೆ ಅಗಲವಿರುವ ಕಡೆ ತಿರುಗಿಸಿಕೊಂಡು ಬರುತ್ತಾನೆ ಅಂದುಕೊಂಡು ಕಾದರು. ಬಿಸಿಲು ಏರಿತು. ಕೇತಮ್ಮನೇ ಹೇಳಿದಳಂತೆ, "ಬತ್ತದೆ, ತಾಳಿ. ಅಣ್ಣ ಮಾತು ಕೊಟ್ಟವ್ನೆ" ಅಂತ. ಬಹಳ ಹೊತ್ತಾದ ಮೇಲೆ ಗಂಡನಿಗೆ ಭಯವಾಯಿತು. ಮತ್ತೆ ಹಳ್ಳಕ್ಕೆ ಇಳಿದು ಕಾಲುದಾರಿ ಹಿಡಿದರು. ಆಸ್ಪತ್ರೆಗೆ ತಲುಪುವ ಹೊತ್ತಿಗೆ ಕೇತಮ್ಮನ ಜೀವ ಇತ್ತು. ಕೂಸಿನದು ಇರಲಿಲ್ಲ.

ಇಲ್ಲಿ ಸ್ವಾಮಿಗಳು ಪಕ್ಕದಲ್ಲಿದ್ದ ಚೊಂಬಿನಿಂದ ನೀರು ಕುಡಿದರು. ಮುಂದಿನದನ್ನು ಹೇಳಲು ಅವರಿಗೆ ಮನಸ್ಸಿದ್ದಂತೆ ಕಾಣಲಿಲ್ಲ. ಆದರೂ ಹೇಳಿದರು.

ಮೂರು ವಾರವಾದ ಮೇಲೆ ಕೇತಮ್ಮನ ಗಂಡ ರಸ್ತೆಯ ಬದಿಗೆ ಬಂದು ನಿಂತು ಜೀಪಿಗೆ ಕೈ ಅಡ್ಡ ಹಿಡಿದ. ಜೀಪಿನವನು ಹತ್ತಿಸಿಕೊಂಡ. ಕೂಸು ಗಂಡೋ ಹೆಣ್ಣೋ ಎಂದು ನಗುತ್ತಾ ಕೇಳಿದ. ಉಳಿಯಲಿಲ್ಲ ಎಂದು ಅವನು ಹೇಳಿದಾಗ ಜೀಪಿನವನಿಗೆ ಸಂಕಟವಾಯಿತು, ಸಂಕಟದಲ್ಲಿ ಸಿಟ್ಟೂ ಬಂತು.

"ಬಡ್ಕೊಂಡಿದ್ದೆನಲ್ಲೋ, ಒಂದು ಕೂಗು ಹಾಕು ಅಂತ! ಯಾಕೆ ಕೂಗಲಿಲ್ಲ?"

ಅವನು ಬೈಯಲಿಲ್ಲ, ಅಳಲಿಲ್ಲ. "ಕೂಗಿದ್ವಿ ಅಣ್ಣ. ನೀವೂ ಹಾರನ್ ಹೊಡೆದ್ರಿ. ಅದಕ್ಕೇ ಹೊತ್ಕೊಂಡು ಮೇಲಕ್ಕೆ ಬಂದ್ವಿ. ನಿಮಗೇನೋ ಅವಸರ ಇತ್ತೇನೋ" ಅಂದ.

ಜೀಪಿನವನ ಎದೆ ಒಡೆದುಹೋಯಿತು. ಅವನು ಆ ದಿನ ಪೇಟೆಗೆ ಹೋದವನೇ ತಗಡಿನ ಟಾಪು ಬಿಚ್ಚಿಸಿದ. ಟಾಪು ಕಟ್ಟುವವನು ಹುಚ್ಚು ಹಿಡಿದಿದೆಯೇ ಎಂಬಂತೆ ನೋಡಿದ. ಮತ್ತೆ ಬಟ್ಟೆ ಬಂತು, ಮಳೆ ಬಂತು, ಕೆಮ್ಮು ಬಂತು. ಅವನು ಯಾವುದಕ್ಕೂ ಬೇಸರಪಡಲಿಲ್ಲ. ತಿರುವಿನಲ್ಲಿ ಹಾರನ್ ಹೊಡೆಯುವುದನ್ನು ನಿಲ್ಲಿಸಿದ. ಕಿವಿ ತೆರೆದುಕೊಂಡು ಓಡಿಸಿದ. ಒಂದು ದಿನ, ಎರಡು ದಿನ, ಒಂದು ತಿಂಗಳು. ಬೆಟ್ಟದಲ್ಲಿ ಹಕ್ಕಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಹಾಡಿ ಹಾಡಿಗೆ ಇಳಿದು ಹೋಗಿ ಹೇಳಿದ: "ತಪ್ಪಾಯಿತು. ಈಗ ಬಟ್ಟೆಯ ಟಾಪೇ ಇದೆ, ಕೇಳಿಸುತ್ತದೆ, ಕೂಗಿ." ಅವರು "ಆಗಲಿ ಅಣ್ಣ" ಅಂದರು. ಕೇತಮ್ಮನೇ ಅವನಿಗೆ ಮುದ್ದೆ ಬಡಿಸಿದಳು. ಯಾರ ಮುಖದಲ್ಲೂ ಕೋಪವಿರಲಿಲ್ಲ. ಆದರೆ ಕಾಯಿಲೆ ಬಂದವರನ್ನು ಅವರು ಕಾಲುದಾರಿಯಲ್ಲೇ ಹೊತ್ತುಕೊಂಡು ಹೋದರು. ರಸ್ತೆಯಲ್ಲಿ ಸಿಕ್ಕಿದಾಗ ಅವನಾಗಿ ನಿಲ್ಲಿಸಿದರೆ ಹತ್ತುತ್ತಾರೆ, ಕ್ಷೇಮ ವಿಚಾರಿಸುತ್ತಾರೆ, ಇಳಿದು ಹೋಗುತ್ತಾರೆ. ಕೂಗುವುದು ಮಾತ್ರ ಇಲ್ಲ.

ಬರಿಯ ಕಿವಿಯಿಂದ ಇನ್ನು ಕೆಲಸವಾಗದು ಎಂದು ಅವನಿಗೆ ತಿಳಿಯಿತು. ಅಂದಿನಿಂದ ಅವನು ಪ್ರತಿ ಹಾಡಿಯ ಮೇಲಿನ ತಿರುವಿನಲ್ಲೂ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದು, ಅಂಚಿನಲ್ಲಿ ನಿಂತು, ಹಳ್ಳದ ಕಡೆಗೆ ತಾನೇ 'ಕೂ' ಎಂದು ಕೂಗತೊಡಗಿದ. ಕೂಗಿ ಕಾಯುತ್ತಾನೆ. ಒಳಗೆ ಕೂತವರು ಗೊಣಗುತ್ತಾರೆ. ಅವನು ಅಲುಗಾಡುವುದಿಲ್ಲ.

ಸ್ವಾಮಿಗಳು ಕಣ್ಣು ಮುಚ್ಚಿದರು. ಪಡಸಾಲೆಯ ಕಡೆಯಿಂದ ಯಾರೋ ಹೆಂಗಸು ಕೆಮ್ಮಿದ ಸದ್ದು ಬಂತು. ಗುರುಮಲ್ಲ ಆ ಕಡೆ ನೋಡಿದ, ಮತ್ತೆ ಗುರುಗಳ ಕಡೆ ತಿರುಗಿದ.

"ಆಮೇಲೆ, ಬುದ್ಧಿ? ಕೆಳಗಿನಿಂದ ಯಾರಾದರೂ ಓಗೊಟ್ಟರೇ?"

"ಹನ್ನೊಂದು ವರ್ಷವಾಯಿತು ಮರಿ, ಇನ್ನೂ ಕೂಗುತ್ತಲೇ ಇದ್ದಾನೆ."