ನೆರಳಿಲ್ಲದ ಏರಿ

"ಒಮ್ಮೆ ಎಲ್ಲರೆದುರು ಸೋತವನನ್ನು ಮತ್ತೆ ಯಾರು ನಂಬುತ್ತಾರೆ ಗುರುಗಳೇ?"

ಶಿಷ್ಯ ಚೆನ್ನವೀರ ಹೀಗೆ ಕೇಳಿದ್ದು ತುಂಬಿದ ಕೆರೆಯೊಂದರ ಏರಿಯ ಮೇಲೆ, ಬುತ್ತಿ ಬಿಚ್ಚುವಾಗ. ಹಿಂದಿನ ದಿನ ಅವನ ಮೊದಲ ಪ್ರವಚನವಿತ್ತು. ಅರ್ಧದಲ್ಲಿ ಮಾತು ಮರೆತು, ಬೆವತು, ಪೀಠದಿಂದ ಇಳಿದುಬಿಟ್ಟಿದ್ದ. ಮುಂದಿನ ಊರಿನಲ್ಲೂ ಅವನದೇ ಪ್ರವಚನ. ನಾನು ಬರುವುದಿಲ್ಲ, ಮನೆಗೆ ಹೋಗಿಬಿಡುತ್ತೇನೆ ಎಂದು ಬೆಳಗಿನಿಂದ ಹಟ ಹಿಡಿದಿದ್ದ. ಬಿಸಿಲಿನ ಮೇಲೂ ಅವನಿಗೆ ಸಿಟ್ಟು. ಇಷ್ಟುದ್ದದ ಏರಿಗೆ ಒಂದು ಮರ ನೆಡುವಷ್ಟು ಬುದ್ಧಿ ಈ ಊರವರಿಗಿಲ್ಲವೇ ಎಂದು ಗೊಣಗಿದ.

ಗುರುಗಳು ರೊಟ್ಟಿ ಮುರಿದು ಅವನ ಕೈಗಿಟ್ಟು ಕತೆ ಹೇಳಿದರು.

ಒಬ್ಬ ಕೆರೆ ಕಟ್ಟುವವನಿದ್ದ. ಮೊದಲ ಕೆರೆಯನ್ನು ಬಲು ಆಸೆಯಿಂದ ಕಟ್ಟಿದ. ಚೆಂದ ಕಾಣಲೆಂದು ಏರಿಯ ಮೇಲೆ ಸಾಲಾಗಿ ಮರ ನೆಟ್ಟ. ಊರು ಹೊಗಳಿತು. ಹನ್ನೆರಡನೆಯ ಮಳೆಗಾಲದಲ್ಲಿ ಏರಿ ಒಡೆದು ಕೆಳಗಿನ ಗದ್ದೆಗಳೆಲ್ಲ ಕೊಚ್ಚಿಹೋದವು. ಅವನು ತಲೆಮರೆಸಿಕೊಳ್ಳಬಹುದಿತ್ತು, ಮಳೆಯ ಮೇಲೆ ತಪ್ಪು ಹೊರಿಸಬಹುದಿತ್ತು. ಎರಡನ್ನೂ ಮಾಡದೆ ಆ ಊರಿಗೇ ಹೋದ. ಜನ ಬಾಯಿಗೆ ಬಂದಂತೆ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡು, ಒಡೆದ ಜಾಗಕ್ಕೆ ಇಳಿದು ಮಣ್ಣು ಕೆದಕಿದ. ಸಾಲಿನಲ್ಲಿ ಒಂದು ಮರ ಸತ್ತಿತ್ತು. ಅದರ ಬೇರು ಮಣ್ಣೊಳಗೆ ಕೊಳೆತು, ತೋಳು ಹಿಡಿಸುವಷ್ಟು ಪೊಳ್ಳಾಗಿತ್ತು. ನೀರು ಆ ದಾರಿ ಹಿಡಿದಿತ್ತು. ತಾನೇ ನೆಟ್ಟ ಮರ. ಅಲ್ಲೇ ಕೂತು ಅತ್ತ.

ಆಮೇಲೆ ಊರೂರು ತಿರುಗಿದ. ಭದ್ರವಾಗಿ ನಿಂತ ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲಾದರೂ ಏರಿ ಒಡೆದಿದೆಯೆಂದು ಕೇಳಿದರೆ ಅಲ್ಲಿಗೆ ಹೊರಟ. ಒಂದು ಕಡೆ ಏಡಿಯ ಬಿಲ, ಇನ್ನೊಂದು ಕಡೆ ಹೆಗ್ಗಣದ ಬಿಲ. ಏಳು ವರ್ಷ ಇದೇ ಕೆಲಸ. ಇದಕ್ಕೆ ಎಂಥ ಎದೆಗಾರಿಕೆ ಬೇಕು ನೋಡು.

ಮುಂದೆ ಒಂದು ಊರಿನ ಗೌಡ ಕೆರೆ ಕಟ್ಟಿಸಲು ಹೊರಟ. ಬಂದವರೆಲ್ಲ ತಾವು ಕಟ್ಟಿದ ಕೆರೆಗಳನ್ನು ಹೊಗಳಿಕೊಂಡರು. ಇವನು, ನಾನು ಕಟ್ಟಿದ್ದು ಒಂದೇ, ಅದೂ ಒಡೆಯಿತು ಎಂದ.

"ಅದನ್ನು ಹೇಳಿಕೊಂಡು ಕೆಲಸ ಕೇಳುತ್ತೀಯಲ್ಲಯ್ಯಾ?" ಎಂದ ಗೌಡ.

"ಏರಿ ಕಟ್ಟುವುದು ಇವರಿಗೆಲ್ಲ ಗೊತ್ತು ಗೌಡರೇ. ಅದು ಹೇಗೆ ಒಡೆಯುತ್ತದೆಂದು ನನಗೆ ಗೊತ್ತು. ಏರಿಯ ಬುಡದಲ್ಲೇ ಗುಡಿಸಲು ಹಾಕಿ, ಹೆಂಡತಿ ಮಕ್ಕಳ ಜೊತೆ ಅಲ್ಲೇ ಇರುತ್ತೇನೆ."

ಗೌಡ ಒಪ್ಪಿದ. ಏರಿ ಎದ್ದಿತು. ಪುಣ್ಯ ಬರಲೆಂದು ಗೌಡ ಅದರ ಮೇಲೆ ಅರಳಿ ಸಸಿ ನೆಟ್ಟರೆ, ಇವನು ಅವನ ಕಣ್ಣೆದುರೇ ಅದನ್ನು ಕಿತ್ತ. ಪಾಪ ತಟ್ಟುತ್ತದೆಂದು ಜನ ಕೂಗಾಡಿದರು. ಜಗ್ಗಲಿಲ್ಲ. ಬದುಕಿರುವವರೆಗೂ ಪ್ರತಿ ಮಳೆಗಾಲಕ್ಕೆ ಮೊದಲು ಏರಿಯ ಮೇಲಿನ ಸಸಿಗಳನ್ನೆಲ್ಲ ಕೀಳುತ್ತಿದ್ದ. ಒಂದು ವರ್ಷ ಸುತ್ತಲಿನ ಕೆರೆಗಳೆಲ್ಲ ಒಡೆದವು. ಇವನ ಏರಿಯಿಂದ ಒಂದು ಹನಿಯೂ ಜಿನುಗಲಿಲ್ಲ. ಅವನು ಹೋದ ಮೇಲೂ ಊರವರು ಆ ಸಸಿ ಕೀಳುವ ಕೆಲಸ ಬಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ತಾನು ಕೂತಿದ್ದ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಹುಲ್ಲು ಬಿಟ್ಟರೆ ಒಂದು ಗಿಡವೂ ಇರಲಿಲ್ಲ. ರೊಟ್ಟಿ ಅವನ ಕೈಯಲ್ಲೇ ಉಳಿಯಿತು.

"ನೆರಳಿಲ್ಲವೆಂದು ಗೊಣಗಿದೆಯೇ ಹೊರತು, ಏರಿ ಒಡೆದೀತೆಂದು ನಿನಗೆ ಒಮ್ಮೆಯೂ ಅನಿಸಲಿಲ್ಲವಲ್ಲ ಮಗು" ಎಂದರು ಗುರುಗಳು.