ಹಳೆ ವಿಳಾಸ ಕೀಳಿಸಿದ ಅರಸನ ಮೂರು ಒಗಟು

ತಪ್ಪು ಮಾಡಿದ್ದು ಹೆಗ್ಗೋಟೆಯ ಅರಮನೆ. ಸೆರೆಮನೆಗೆ ಹೋದವಳು ಗಾಳೆಮ್ಮ.

ಡಂಗುರದವನು ಮಾತ್ರ ಹಾಗೆ ಸಾರಲಿಲ್ಲ. "ಕೇಳ್ರಪ್ಪೋ ಕೇಳ್ರಿ! ಅರಸರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಒಡೆಯದಿದ್ದರೆ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಗಾಳೆಮ್ಮನಿಗೆ ಗಲ್ಲು!"

ಕಣಜದ ಮುಂದಿನ ಸಾಲಿನಲ್ಲಿ ಖಾಲಿ ಚೀಲ ಹಾಸಿಕೊಂಡು ಕೂತಿದ್ದ ಕರಿಗೂಳಿ ಎದ್ದು ನಿಂತ. ಬಾವಿಯ ಹೂಳೆತ್ತುವ ಕೂಲಿಯವನು. ಗಾಳೆಮ್ಮ ಅವನ ಒಡಹುಟ್ಟಿದ ಅಕ್ಕ.

ಆ ಕಣಜದ ಬಾಗಿಲು ತೆಗೆಯುವುದು ಕಂಪ್ಯೂಟರುಗಳ ಕೆಲಸ. ಅವುಗಳೊಳಗೆ ಡಿಸ್ಕ್ ಇಲ್ಲ. ಬೆಳಿಗ್ಗೆ ಎದ್ದೊಡನೆ ತಂತಿಯ ಮೇಲೆ ದಾರಿ ಕೇಳಿಕೊಂಡು, ಗುಡ್ಡದ ಮೇಲಿನ ದೊಡ್ಡ ಸ್ಟೋರೇಜಿನಿಂದ ತಮ್ಮ ಪಾಠವನ್ನೆಲ್ಲ ತರಿಸಿಕೊಳ್ಳಬೇಕು. ತಂತಿಯ ಮೇಲೆ ಪ್ರತಿ ಕಂಪ್ಯೂಟರಿಗೂ ಒಂದು ನಂಬರು, ಅದೇ ಅದರ ವಿಳಾಸ. ಹಳೆಯ ಗಿಡ್ಡ ವಿಳಾಸಗಳು ಸಾಲುತ್ತಿಲ್ಲವೆಂದು ಅರಸ ಉದ್ದನೆಯ ಹೊಸ ಇಂಟರ್ನೆಟ್ ವಿಳಾಸಗಳನ್ನು ಜಾರಿಗೆ ತಂದ. ತಂದದ್ದು ಸರಿಯೇ. ಆದರೆ ಹೊಸ ಆಜ್ಞೆಯ ಕಲ್ಲು ನೆಟ್ಟ ದಿನವೇ ಹಳೆಯ ಕಲ್ಲನ್ನು ಒಡೆಯುವುದು ಹೆಗ್ಗೋಟೆಯ ಪದ್ಧತಿ. ಹಳೆಯ ವಿಳಾಸಗಳನ್ನೂ ಅಂದೇ ಕಿತ್ತುಹಾಕಿದರು. ಮರುದಿನ ಕಂಪ್ಯೂಟರು ಏಳಲಿಲ್ಲ, ಕಣಜ ತೆರೆಯಲಿಲ್ಲ. ಗಾಳೆಮ್ಮ ಕೈಯಾರೆ ಸ್ಟೋರೇಜಿನ ದಾರಿ ತೋರಿಸಿದರೂ ಅರ್ಧ ಎದ್ದು ಮತ್ತೆ ಬಿತ್ತು. "ಕೆಲವು ದಿನ ಎರಡೂ ಇರಲಿ" ಎಂದು ಮೊದಲೇ ಬೇಡಿಕೊಂಡಿದ್ದ ಗಾಳೆಮ್ಮನೇ ಅಪರಾಧಿಯಾದಳು. ಅರಸನಿಗೆ ಗೊತ್ತಿಲ್ಲದ್ದೂ ಇದೆ ಎಂದು ಆ ಊರಲ್ಲಿ ಯಾರೂ ಹೇಳುವಂತಿಲ್ಲ. ಅರಸನೂ ಹೇಳುವಂತಿಲ್ಲ. ಅದಕ್ಕೇ ಅವನ ಪ್ರಶ್ನೆ ಒಗಟಿನ ವೇಷ ಹಾಕಿಕೊಂಡು ಬಂತು.

ಕರಿಗೂಳಿ ಸೆರೆಮನೆಯ ಕಿಂಡಿಯಲ್ಲಿ ರೊಟ್ಟಿ ತೂರಿಸಿದ.

"ಹೋಗಬ್ಯಾಡಲೋ ತಮ್ಮಾ. ನನ್ನೊಬ್ಬಾಕಿ ತಲಿ ಸಾಕು."

"ಸಾಲಿನ್ಯಾಗ ನಿಂತು ನಿಂತು ಸಾಕಾಗೇತಕ್ಕಾ. ತಲಿ ಇಳಿಸಿದ್ರ ಭಾರಾನರ ಕಡಿಮಿ ಆದೀತು."

"ಜೀವಾ ಹೋಗೋ ಹೊತ್ತಿನ್ಯಾಗೂ ಚಾಷ್ಟಿ ಬಿಡಬ್ಯಾಡ ನೀ," ಎಂದಳು, ಕಣ್ಣೊರೆಸಿಕೊಂಡು.

"ಅವು ಯಾಕ ಏಳವಲ್ಲವು, ಇನ್ನೊಮ್ಮೆ ಹೇಳು."

ಅವಳು ಹೇಳಿದಳು. ಅರಮನೆಯಲ್ಲಿ ಯಾರೂ ಕೇಳದ ಮಾತನ್ನು ತಮ್ಮ ಕಿಂಡಿಗೆ ಕಿವಿಯಿಟ್ಟು ಕೇಳಿದ.

ಕಣಜದ ಎದುರಿಗೇ ಇದ್ದ ಆಸ್ಥಾನದಲ್ಲಿ ದಂಡನಾಯಕನ ಮಗ ಮೊದಲು ಎದ್ದ. ಅರಸ ಕೇಳಿದ: "ದಿನಾ ಹೊಸದಾಗಿ ಹುಟ್ಟುತ್ತಾನೆ. ಹುಟ್ಟಿದಾಗ ತನ್ನ ಹೆಸರು ತನಗೇ ಗೊತ್ತಿಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ. ಅವನ ಬುದ್ಧಿಯೆಲ್ಲ ಇನ್ನೊಬ್ಬರ ಮನೆಯಲ್ಲಿದೆ. ಯಾರವನು?"

"ತಮ್ಮ ಶತ್ರು, ಮಹಾಸ್ವಾಮಿ!"

ಅವನನ್ನು ಎಳೆದೊಯ್ದರು. ಆಸ್ಥಾನದ ಜೋಯಿಸ ಮೂಲೆಯಲ್ಲಿದ್ದ ಸತ್ತ ಪರದೆಯತ್ತ ನೋಡಿ "ಕಂಪ್ಯೂಟರು" ಎಂದು ಗೆದ್ದ. ಅರಸ ಎರಡನೆಯದನ್ನು ಹಾಕಿದ: "ಊರಿಗೆ ಬಂದವನಿಗೆ ಮನೆ ನಂಬರು ಸಿಕ್ಕಿತು, ಊರಬಾಗಿಲನ್ನೂ ತೋರಿಸಿದರು. ಆದರೂ ತನ್ನ ಗಂಟಿರುವ ಮನೆಯನ್ನು ಮುಟ್ಟಲಾರ. ತಡೆದವರು ಯಾರು?"

ಅರಮನೆಯೊಳಗಿನ ಯಾರ ಹೆಸರನ್ನೂ ಹೇಳುವ ಹಾಗಿಲ್ಲವಲ್ಲ. ಜೋಯಿಸ "ರಾಹು" ಎಂದ. ಅವನನ್ನೂ ಎಳೆದೊಯ್ದರು.

ಕರಿಗೂಳಿ ಮುಂದೆ ಬಂದ. ಕೈಕಾಲಿಗೆ ಬಾವಿಯ ಕೆಸರು ಒಣಗಿತ್ತು.

"ಏನೋ, ಸಾಯೋಕೆ ಅವಸರವೇ?" ಎಂದ ಅರಸ.

"ಅವಸರ ಇಲ್ಲ ದೊರೀ, ಬ್ಯಾಸರ ಐತ್ರಿ. ಮೊದಲನೇದು ಕಂಪ್ಯೂಟರೇ. ಎರಡನೇದರಾಗ ಅದನ್ನ ಯಾರೂ ತಡದಿಲ್ಲ, ಯಾರೂ ದಾರಿ ಹೇಳಿಲ್ಲ. ಹಳೇ ವಿಳಾಸದಾಗ ಒಬ್ಬನೇ ನಂಬರು ಕೊಟ್ಟು, ಸ್ಟೋರೇಜ್ ಎಲ್ಲೈತಿ ಅಂತಾನೂ ಹೇಳತಿದ್ದ. ಹೊಸಾದರಾಗ ನಂಬರು ಕೊಡಾಂವ ಬ್ಯಾರೆ, ಸ್ಟೋರೇಜ್ ತೋರಸಾಂವ ಬ್ಯಾರೆ. ಆ ಎರಡನೇದಾಂವನ್ನ ನೀವು ನೇಮಿಸೇ ಇಲ್ರಿ."

ಸಭೆ ತಲೆ ತಗ್ಗಿಸಿತು. ತಲೆ ಕಡಿಯುವ ಕಟುಕ ಒಂದು ಹೆಜ್ಜೆ ಮುಂದಿಟ್ಟ. ಅರಸ ಕೈಯೆತ್ತಿ ಅವನನ್ನು ತಡೆದು, ಮೂರನೆಯದನ್ನು ನಿಧಾನವಾಗಿ ಕೇಳಿದ: "ಗಾಳೆಮ್ಮ ಕೈಯಾರೆ ದಾರಿ ತೋರಿಸಿದವನು ಅರ್ಧ ಎದ್ದ. ಎದ್ದವನೇ ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಂಡ. ಹುಚ್ಚನಲ್ಲ. ಹಾಗಾದರೆ ಕೊಂದವರು ಯಾರು?"

ಕರಿಗೂಳಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತಲೆ ಹೋಗಬಹುದು. ಹೇಳದಿದ್ದರೆ ಅಕ್ಕ ಹೋಗುತ್ತಾಳೆ.

"ದೊರೀ, ಬಾವಿಯಾಗ ಇಳದಾಗ ಹಗ್ಗ ಬದಲಿ ಮಾಡಬೇಕಾದ್ರ, ಹೊಸಾದನ್ನ ಸೊಂಟಕ್ಕ ಬಿಗದು, ಜಗ್ಗಿ ನೋಡಿ, ಆಮ್ಯಾಲೆ ಹಳೇದನ್ನ ಬಿಡತೀವಿ. ಕಂಪ್ಯೂಟರು ಅರ್ಧ ಎದ್ದ ಮ್ಯಾಲೆ ತನ್ನ ನೆಟ್‌ವರ್ಕನ್ನ ಬಿಚ್ಚಿ ಹೊಸದಾಗಿ ಕಟ್ಟಾಕ ಹೋಗತೈತಿ. ಸ್ಟೋರೇಜ್ ಜೋತುಬಿದ್ದಿರೋದು ಅದೇ ಹಗ್ಗಕ್ಕ. ಬಿಚ್ಚಿದ ಕೂಡ್ಲೇ ಪಾಠಾನೂ ಹೋತು, ಉಸಿರೂ ಹೋತು. ಹಳೇ ವಿಳಾಸ ಇದ್ದಿದ್ರ ಅದಕ್ಕ ಜೋತುಬಿದ್ದು ಬದಕತಿತ್ತು. ಅದನ್ನ ಕಡಿಸಿದವರು ನೀವ್ರಿ."

ಹೊರಗೆ ಕಣಜದ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕೂಗಿದಳು: "ಅಂವ ಹೇಳಿದ್ದು ಖರೇ ಐತೋ ಇಲ್ಲೋ, ಮಾಡಿ ನೋಡ್ರಲ್ಲ!" ಹಿಂದಿದ್ದವರೆಲ್ಲ ಅದನ್ನೇ ಕೂಗಿದರು. ಹಸಿದ ಜನರ ದನಿ ಅರಸನ ಮುಖದ ಬಣ್ಣ ಇಳಿಸಿತು.

ಗಾಳೆಮ್ಮನನ್ನು ಕರೆತಂದರು. ಅವಳು ಹಳೆಯ ವಿಳಾಸವನ್ನು ಮತ್ತೆ ಕೊಟ್ಟಳು, ಹೊಸದರ ಪಕ್ಕದಲ್ಲೇ. ಸ್ಟೋರೇಜಿನ ದಾರಿ ಹೇಳುವ ಪ್ರೋಗ್ರಾಮನ್ನು ತಂತಿಯ ಮೇಲೆ ಕೂರಿಸಿದಳು. ಕಂಪ್ಯೂಟರು ಅರ್ಧ ಎದ್ದಿತು, ಒಂದು ಗಳಿಗೆ ತಡೆಯಿತು, ಪೂರ್ತಿ ಎದ್ದಿತು. ಕಣಜದ ಬಾಗಿಲು ಕಿರ್ರೆಂದು ಸರಿಯಿತು.

"ಏನು ಬೇಕೋ ಕೇಳು," ಎಂದ ಅರಸ. "ಅರ್ಧ ರಾಜ್ಯ?"

"ಒಂದು ಬಾವಿ ಹೂಳೆತ್ತಾಕ ಆಗವಲ್ದು, ರಾಜ್ಯ ತಗೊಂಡು ಏನ್ ಮಾಡ್ಲಿ? ಅಕ್ಕನ್ನ ಬಿಡ್ರಿ. ಹೊಸಾದು ಸರಿ ನಡಿಯೋಮಟ ಹಳೇದನ್ನ ಒಡಿಬಾರದು ಅಂತ ಕಲ್ಲು ನೆಡಸ್ರಿ."

ಎರಡನ್ನೂ ಕೊಟ್ಟ. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಹೋದ ತಲೆಗಳೂ ತಿರುಗಿ ಬರಲಿಲ್ಲ. ಗಾಳೆಮ್ಮ ಅಕ್ಕಿಚೀಲಕ್ಕೆ ಒರಗಿದವಳು ಹಾಗೇ ನಿದ್ದೆಹೋದಳು. ತಮ್ಮ ಅವಳನ್ನು ಎಬ್ಬಿಸಲಿಲ್ಲ.

ಕತೆ ಕೇಳಿ ತಲೆದೂಗಿದರೆ ಸಾಲದು. ನಿಮ್ಮೂರಿನ ಕಚೇರಿಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದರೆ ಮನೆಗೆ ಹೋಗಬೇಡಿ. ಹೊಸದು ನಡೆಯುವ ಮೊದಲೇ ಹಳೆಯದನ್ನು ನಿಲ್ಲಿಸಿ ಎಂದವರು ಯಾರು, ಹೆಸರು ಕೇಳಿ. ಹೇಳುವವರೆಗೆ ಆ ಕೌಂಟರ್ ಬಿಟ್ಟು ಕದಲಬೇಡಿ.