ಘಟ್ಟ ಹತ್ತದ ಕಾರು

ಗಲಾಟೆ ನಿಲ್ಲಿಸಿ ಮಕ್ಕಳಾ, ಹತ್ತಿರ ಬನ್ನಿ. ಇದು ನಗಿಸುವ ಕಥೆಯಲ್ಲ.

ಒಂದು ರಾಜ್ಯದಲ್ಲಿ ಗಂಡರಸ ಅಂತ ಒಬ್ಬ ರಾಜನಿದ್ದ. ಅವನಿಗೆ ಆನೆ ಬೇಡ, ಕುದುರೆ ಬೇಡ, ಕಾರೆಂದರೆ ಪ್ರಾಣ. ಆ ಕಾರಿನ ಎಂಜಿನ್ನಿಗೊಂದು ಪುಟ್ಟ ಕಂಪ್ಯೂಟರ್. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಅಳೆದು ಕೊಡುವುದು ಅದರ ಕೆಲಸ. ಅದಕ್ಕೆ ಮಾತೂ ಬರುತ್ತಿತ್ತು. ಕಥೆಯಲ್ಲವೇ, ಬರುತ್ತದೆ.

ಕಾರು ಇನ್ನೂ ಜೋರಾಗಿ ಓಡಬೇಕೆಂದು ರಾಜನಿಗೆ ಆಸೆಯಾಯಿತು. ಆಸ್ಥಾನದ ಮೇಸ್ತ್ರಿ ದುಗ್ಗಪ್ಪ ಹೆಚ್ಚು ಗಾಳಿ ಎಳೆಯುವ ದೊಡ್ಡ ಏರ್ ಫಿಲ್ಟರ್ ಹಾಕಿದ. ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟ.

"ದೊರೆಯೇ, ನನಗೆ ಹೊಸ ಲೆಕ್ಕ ಕಲಿಸಿ," ಅಂದಿತು ಕಂಪ್ಯೂಟರ್.

"ಪೂಜೆ ಆಗಿದೆ ಮಹಾಸ್ವಾಮಿ, ಇನ್ನೇನು ಬೇಕು?" ಅಂದ ದುಗ್ಗಪ್ಪ.

ಆಮೇಲೆ ಹೊಗೆಯನ್ನು ಸರಾಗವಾಗಿ ಹೊರಬಿಡುವ ದೊಡ್ಡ ಸೈಲೆನ್ಸರ್ ಬಂತು. ಮತ್ತೆ ಕಾಯಿ, ಮತ್ತೆ ನಿಂಬೆಹಣ್ಣು.

"ಹೊಸ ಲೆಕ್ಕ ಕಲಿಸಿ ದೊರೆಯೇ."

"ಪೂಜೆ ಆಗಿದೆ ಮಹಾಸ್ವಾಮಿ."

ಆಮೇಲೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬಂತು. ಕಂಪ್ಯೂಟರ್ ಅಂಗಲಾಚಿತು. "ಗಾಳಿ ನುಗ್ಗಿ ಬರ್ತಿದೆ, ನಾನು ಹಳೇ ಅಳತೇಲೇ ಪೆಟ್ರೋಲ್ ಕೊಡ್ತಿದೀನಿ. ಎಂಜಿನ್ ಸುಟ್ಟುಹೋಗುತ್ತೆ!"

"ಪೂಜೆ ಆಗಿದೆ," ಅಂದ ದುಗ್ಗಪ್ಪ. ಬಯಲಲ್ಲಿ ಕಾರು ಚೆನ್ನಾಗಿಯೇ ಓಡಿತು. ರಾಜ ಅವನನ್ನೇ ನಂಬಿದ.

ಒಂದು ದಿನ ರಾಣಿ ನೀಲಾಂಬೆಗೆ ಹಾವು ಕಚ್ಚಿತು. ಮದ್ದು ಇದ್ದದ್ದು ಘಟ್ಟದ ಮೇಲಿನ ಆಸ್ಪತ್ರೆಯಲ್ಲಿ. ರಾಜನೇ ಕಾರು ಓಡಿಸಿದ. ಅರ್ಧ ಘಟ್ಟ ಹತ್ತುವಷ್ಟರಲ್ಲಿ ಎಂಜಿನ್ ಕಟಕಟ ಅಂದಿತು, ಹೊಗೆ ಕಾರಿತು, ನಿಂತೇಬಿಟ್ಟಿತು. ರಾಜ ರಾಣಿಯನ್ನು ಹೆಗಲ ಮೇಲೆ ಹೊತ್ತು ಓಡಿದ. ಆಸ್ಪತ್ರೆ ಕಣ್ಣಿಗೆ ಬೀಳುವ ಮೊದಲೇ ಅವಳ ಮೈ ತಣ್ಣಗಾಯಿತು. ಪಾಪ, ಅವಳೇನು ಮಾಡಿದ್ದಳು!

"ವಿಧಿ, ಮಹಾಸ್ವಾಮಿ. ಕಾರಿನಲ್ಲಿ ಐಬಿರಲಿಲ್ಲ," ಅಂದ ದುಗ್ಗಪ್ಪ.

ರಾಜ ಕಣ್ಣೊರೆಸಿಕೊಂಡ. "ಹೌದಪ್ಪ, ವಿಧಿ. ನಿನ್ನ ಸೇವೆಗೆ ಮೆಚ್ಚಿ ನಿನಗೂ ಅಂಥದ್ದೇ ಕಾರು ಕೊಡ್ತೀನಿ. ಅದೇ ಮೂರು ಸಾಮಾನು ಹಾಕಿಸಿದೀನಿ, ಪೂಜೇನೂ ಆಗಿದೆ. ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಈಗಲೇ ಘಟ್ಟ ಹತ್ತು."

ದುಗ್ಗಪ್ಪನ ಹೆಂಡತಿ ಖುಷಿಯಿಂದ ಮಗುವನ್ನೆತ್ತಿಕೊಂಡು ಕಾರು ಹತ್ತಲು ಹೋದಳು. ಅವನು ಓಡಿಹೋಗಿ ಅಡ್ಡ ನಿಂತ.

"ಬೇಡ ಕಣೇ! ಹೊಸ ಲೆಕ್ಕ ಕಲಿಸದೆ ಘಟ್ಟ ಹತ್ತಬಾರ್ದು!"

"ಹಾಗಾದರೆ ನಿನಗೆ ಗೊತ್ತಿತ್ತು," ಅಂದ ರಾಜ.

"ಗೊತ್ತಿತ್ತು. ಆ ವಿದ್ಯೆ ನನಗೆ ಬರಲ್ಲ. ಪಕ್ಕದ ರಾಜ್ಯದಲ್ಲಿ ಅದು ಬಲ್ಲ ಮೇಸ್ತ್ರಿ ಇದಾನೆ, ಅವನನ್ನ ಕರೆಸಿ ಅನ್ನೋಕೆ ಅವಮಾನ ಆಯ್ತು."

ರಾಜ ಅವನನ್ನು ಗಡೀಪಾರು ಮಾಡಿದ. ಪಕ್ಕದ ರಾಜ್ಯದ ಮೇಸ್ತ್ರಿ ಬಂದು ಹೊಸ ಎಂಜಿನ್ ಹಾಕಿ ಕಂಪ್ಯೂಟರಿಗೆ ಹೊಸ ಲೆಕ್ಕ ಕಲಿಸಿದ. ಕಾರು ಈಗ ಸಲೀಸಾಗಿ ಘಟ್ಟ ಹತ್ತುತ್ತದೆ. ರಾಜ ಮಾತ್ರ ಅದರಲ್ಲಿ ಕೂರುವುದಿಲ್ಲ.

ನೀತಿ ಇಷ್ಟೇ ಮಕ್ಕಳಾ. ಮೈಗೆ ಬಲ ಕೂಡಿಸಿದರೆ ತಲೆಗೂ ಅದರ ಲೆಕ್ಕ ಕಲಿಸಬೇಕು. ಬಾರದ ಕೆಲಸವನ್ನು ಬಾರದು ಅನ್ನಬೇಕು, ನಮ್ಮ ಕೆಲಸವನ್ನು ನಂಬಿ ಯಾರೋ ಜೀವ ಒಪ್ಪಿಸಿರುತ್ತಾರೆ. ಕಥೆ ಆಯಿತು, ಏಳಿ. ನಿಮ್ಮ ನಿಮ್ಮ ಅಮ್ಮಂದಿರ ಹತ್ತಿರ ಹೋಗಿ.